ಬೆಲ್ಟ್ ಬಿಚ್ಚಿದರೆ ಕಂಬಳಿ: ಗ್ರೇಟ್ ಕಿಲ್ಟ್ ಕುರಿತ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಗಂಡಸರು ಉಡುವ ಲಂಗದಂಥ ಕಿಲ್ಟ್ ಬಗ್ಗೆ ಬರೆಯುತ್ತ ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಇದಕ್ಕೂ ಹಳೆಯದು ಗ್ರೇಟ್ ಕಿಲ್ಟ್, ಅದಕ್ಕೆ ಹೊಲಿಗೆಯೇ ಇಲ್ಲ.’ ಇಡೀ ಲೇಖನಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರ ಬಂದಿವೆ. ಬಹುಪಾಲು ಸ್ಕಾಟ್ಲೆಂಡಿನಲ್ಲೇ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡಿಗರವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಹೊಸ ಓದುಗರಿಗಾಗಿ ಒಂದು ಮಾತು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನ ಒಂದು ಬಯಲು ವಸ್ತುಸಂಗ್ರಹಾಲಯದ ಉಡುಪಿನ ಕೋಣೆಯಲ್ಲಿ ನಾನು ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ ನಾಲ್ವರು ಗೈಡುಗಳಿಗೆ ಗ್ರೇಟ್ ಕಿಲ್ಟ್ ಉಡಿಸುತ್ತೇನೆ, ಸಂಜೆ ಬಿಚ್ಚಿದ್ದನ್ನು ಹರವಿ ಆರಿಸುತ್ತೇನೆ, ಚಳಿಗಾಲವೆಲ್ಲ ಕೂತು ರಫು ಮಾಡುತ್ತೇನೆ. ಪುಸ್ತಕ ಓದಿ ತಿಳಿದದ್ದಕ್ಕಿಂತ ಆ ಕೋಣೆಯ ಮರದ ನೆಲದ ಮೇಲೆ ಮಂಡಿಯೂರಿ ತಿಳಿದದ್ದೇ ಹೆಚ್ಚು.

ಪ್ರಶ್ನೆ: ಮೇಡಂ, ಅಂಗಡಿಯಲ್ಲಿ ಸಿಗುವ ಕಿಲ್ಟ್‌ಗೂ ಗ್ರೇಟ್ ಕಿಲ್ಟ್‌ಗೂ ಏನು ವ್ಯತ್ಯಾಸ? ದೊಡ್ಡದು, ಚಿಕ್ಕದು ಅಷ್ಟೇನಾ? (ಗ್ಲಾಸ್ಗೋದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಅಂಗಡಿಯ ಕಿಲ್ಟ್ ಹೊಲಿದ ಉಡುಪು. ನೆರಿಗೆಗಳನ್ನು ಹೊಲಿದು ಕೂರಿಸಿ, ಪಟ್ಟಿ, ಬಕಲ್ ಹಚ್ಚಿ, ನಿಮ್ಮ ಸೊಂಟದ ಅಳತೆಗೆ ಮಾಡಿರುತ್ತಾರೆ. ಗ್ರೇಟ್ ಕಿಲ್ಟ್ ಬರೀ ಬಟ್ಟೆ. ಹೈಲ್ಯಾಂಡರ ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್ ಅನ್ನುತ್ತಾರೆ, ಇಂಗ್ಲಿಷಿನವರು ಬೆಲ್ಟೆಡ್ ಪ್ಲೇಡ್ ಎಂದು ಬರೆದರು. ಪ್ಲೇಡ್ ಎಂದರೆ ಗೇಲಿಕ್‌ನಲ್ಲಿ ಕಂಬಳಿ. ಸುಮಾರು ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಉಣ್ಣೆ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಬಿಗಿದರೆ ಉಡುಪು, ಬೆಲ್ಟ್ ಬಿಚ್ಚಿದರೆ ರಾತ್ರಿಯ ಹೊದಿಕೆ.

‘ಹೊಲಿಗೆಯೇ ಇಲ್ಲ’ ಎಂದು ನಾನು ಬರೆದದ್ದು ಪೂರ್ತಿ ಸರಿಯಲ್ಲ, ತಿದ್ದಿಕೊಳ್ಳುತ್ತೇನೆ. ಹಳೆಯ ಕೈಮಗ್ಗದಲ್ಲಿ ಬಟ್ಟೆಯ ಅಗಲ ಇಪ್ಪತ್ತೈದರಿಂದ ಮೂವತ್ತು ಇಂಚು ದಾಟುತ್ತಿರಲಿಲ್ಲ. ನೇಕಾರ ಕೂತಲ್ಲಿಂದ ಲಾಳಿಯನ್ನು ಕೈಯಿಂದ ಕೈಗೆ ದಾಟಿಸಬೇಕಲ್ಲ, ಅಗಲ ಅಷ್ಟಕ್ಕೇ ನಿಲ್ಲುತ್ತದೆ. ಹಾಗಾಗಿ ಒಂಬತ್ತು ಹತ್ತು ಮೀಟರ್ ಉದ್ದ ನೇಯ್ದು, ಅರ್ಧಕ್ಕೆ ಕತ್ತರಿಸಿ, ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿಯುತ್ತಿದ್ದರು. ಉದ್ದಕ್ಕೂ ಹೋಗುವ ಆ ಒಂದು ಹೊಲಿಗೆ ಮಾತ್ರ ಇದೆ. ಅದನ್ನು ನೆನಪಿನಲ್ಲಿಡಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ಈ ಉಡುಗೆಯ ಮೊದಲ ಖಚಿತ ವರ್ಣನೆ ಸಿಗುವುದು ಐರ್ಲೆಂಡಿನಲ್ಲಿ. 1594ರಲ್ಲಿ ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಿಂದ ಅಲ್ಲಿಗೆ ಹೋದ ಕೂಲಿ ಸೈನಿಕರನ್ನು ಐರಿಷರ ನಡುವೆ ಗುರುತಿಸುವುದು ಸುಲಭವಾಗಿತ್ತಂತೆ, ಏಕೆಂದರೆ ಅವರು ಬೆಲ್ಟನ್ನು ಹೊದಿಕೆಯ ಮೇಲೆಯೇ ಕಟ್ಟಿಕೊಂಡಿದ್ದರು. ಮೇಲಿನ ಅರ್ಧ ಬಿಟ್ಟು ಬರೀ ಕೆಳಗಿನ ಭಾಗವನ್ನು ಉಡುವ ಫೇಲೆ ಬೆಗ್, ಅಂದರೆ ಚಿಕ್ಕ ಕಿಲ್ಟ್, 18ನೇ ಶತಮಾನದಲ್ಲಿ ಹರಡಿತು. 1720ರ ದಶಕದಲ್ಲಿ ಇನ್ವರ್‌ಗ್ಯಾರಿ ಬಳಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ವ್ಯಾಪಾರಿ ಅದನ್ನು ಶುರು ಮಾಡಿದ ಎಂಬ ಕತೆ ಬಹಳ ಪ್ರಸಿದ್ಧ. ಅದಕ್ಕೂ ಮೊದಲೇ ಬಳಕೆಯಲ್ಲಿತ್ತು ಎನ್ನುವವರೂ ಇದ್ದಾರೆ, ನಾನು ಅವರ ಕಡೆ.

ಪ್ರಶ್ನೆ: ಅಕ್ಕಾ, ವಿಡಿಯೊ ನೋಡಿ ಮೂರು ಸಲ ಪ್ರಯತ್ನಿಸಿದೆ. ನೆಲದ ಮೇಲೆ ನೆರಿಗೆ ಚೆನ್ನಾಗಿ ಬರುತ್ತದೆ, ಎದ್ದು ನಿಂತ ಕೂಡಲೇ ಹಿಂದೆ ಎಲ್ಲ ಚೆಲ್ಲಾಪಿಲ್ಲಿ. ಒಬ್ಬನೇ ಉಡುವುದು ಸಾಧ್ಯವೇ? (ಸ್ಟರ್ಲಿಂಗ್‌ನಿಂದ)

ಉತ್ತರ: ಸಾಧ್ಯ. ನಿಮ್ಮ ತಪ್ಪು ಎಲ್ಲಿದೆ ಎಂದು ಪತ್ರದಲ್ಲೇ ಗೊತ್ತಾಗುತ್ತಿದೆ. ಬೆಲ್ಟನ್ನು ಜೀನ್ಸ್ ಬೆಲ್ಟ್ ಕಟ್ಟುವ ಜಾಗದಲ್ಲಿ ಕಟ್ಟುತ್ತೇನೆ ಎಂದು ಬರೆದಿದ್ದೀರಿ. ಅಲ್ಲಿ ಕಟ್ಟಿದರೆ ಎರಡು ಕಿಲೋ ಬಟ್ಟೆ ನಿಲ್ಲುವುದಿಲ್ಲ. ಹೊಕ್ಕುಳ ಮಟ್ಟದಲ್ಲಿ ಅಥವಾ ಒಂದು ಬೆರಳು ಮೇಲೆ, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆಯ ಜಾಗದಲ್ಲಿ ಕಟ್ಟಬೇಕು. ಬೆಲ್ಟ್ ಎರಡು ಇಂಚಿಗಿಂತ ಕಿರಿದಾಗಿದ್ದರೆ ನೆರಿಗೆಯನ್ನು ಅದುಮಿ ಹಿಡಿಯಲಾರದು. ದಪ್ಪ ಚರ್ಮದ್ದೇ ತನ್ನಿ.

ಈಗ ಮೊದಲಿನಿಂದ ಹೇಳುತ್ತೇನೆ. ನಿಮ್ಮ ಸೊಂಟ 90 ಸೆಂಟಿಮೀಟರ್, ಬಟ್ಟೆ ಐದು ಮೀಟರ್ ಎಂದುಕೊಳ್ಳೋಣ. ಎರಡೂ ತುದಿಯಲ್ಲಿ ತಲಾ 55 ಸೆಂಟಿಮೀಟರ್ ನೆರಿಗೆಯಿಲ್ಲದೆ ಬಿಡಿ. ಅದು ಮುಂಭಾಗಕ್ಕೆ ಬರುವ ಏಪ್ರನ್. ಉಳಿದ 3 ಮೀಟರ್ 90 ಸೆಂಟಿಮೀಟರ್ ಬಟ್ಟೆ ನಿಮ್ಮ ಬೆನ್ನಿನ ಅಗಲಕ್ಕೆ, ಅಂದರೆ ಸುಮಾರು 45 ಸೆಂಟಿಮೀಟರಿಗೆ ಇಳಿಯಬೇಕು. ಟಾರ್ಟನ್ ಎಂದರೆ ಬಣ್ಣದ ಗೆರೆಗಳು ಅಡ್ಡ ಉದ್ದ ದಾಟುವ ಚೌಕಳಿ ಬಟ್ಟೆ; ಅದರ ಒಂದು ಪೂರ್ತಿ ಚೌಕಳಿ 15 ಸೆಂಟಿಮೀಟರ್ ಇದ್ದರೆ ಚೌಕಳಿಗೊಂದರಂತೆ ಇಪ್ಪತ್ತಾರು ನೆರಿಗೆ ಬರುತ್ತದೆ, ಒಂದೊಂದೂ ಒಂದು ಬೆರಳಿನಗಲ ಕಾಣುತ್ತದೆ. ಅಳತೆಪಟ್ಟಿ ಬೇಡ. ಚೌಕಳಿಯಲ್ಲಿ ಎದ್ದು ಕಾಣುವ ಒಂದು ಗೆರೆ ಆರಿಸಿಕೊಳ್ಳಿ. ನಮ್ಮಲ್ಲಿ ಒಂದು ಪ್ಲೇಡ್‌ಗೆ ಸಣ್ಣ ಹಳದಿ ಗೆರೆ ಇದೆ, ನಾನು ಪ್ರತಿ ನೆರಿಗೆಯ ಮಡಿಕೆಯಲ್ಲೂ ಆ ಹಳದಿಯನ್ನೇ ಮೇಲೆ ತರುತ್ತೇನೆ. ಉಟ್ಟಾಗ ಬೆನ್ನ ಹಿಂದೆ ಇಪ್ಪತ್ತಾರು ಹಳದಿ ಗೆರೆ ಸಾಲಾಗಿ ಇಳಿಯುತ್ತವೆ, ನಡೆದಾಗ ಒಂದಾದ ಮೇಲೊಂದು ಮಿಂಚುತ್ತವೆ. ಇಷ್ಟು ವರ್ಷದ ಮೇಲೂ ಅದನ್ನು ನೋಡಲು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇನೆ.

ಸೀರೆಯ ನೆರಿಗೆ ಹಿಡಿದು ಅಭ್ಯಾಸ ಇರುವವರಿಗೆ ಬೆರಳು ಬೇಗ ಪಳಗುತ್ತದೆ. ಆದರೆ ಇಲ್ಲಿ ನೆರಿಗೆ ಬೆನ್ನಿಗೆ ಬೀಳುವುದರಿಂದ ಮೊದಲು ನೆಲಕ್ಕೆ ಬೆಲ್ಟ್ ಹಾಸಿ, ಅದರ ಮೇಲೆ ಬಟ್ಟೆ ಹರವಿ, ನೆರಿಗೆಗಳನ್ನು ಒಂದೇ ದಿಕ್ಕಿಗೆ ಮಲಗಿಸಬೇಕು. ಬೆಲ್ಟ್ ಬಟ್ಟೆಯ ನಡುಮಧ್ಯದಲ್ಲಿ ಇರಕೂಡದು. ಕೆಳ ಅಂಚಿನಿಂದ 60 ಸೆಂಟಿಮೀಟರ್ ಮೇಲೆ, ಅಂದರೆ ನಿಮ್ಮ ಸೊಂಟದಿಂದ ಮಂಡಿಯ ನಡುವಿನವರೆಗೆ ಎಷ್ಟು ಉದ್ದವೋ ಅಷ್ಟರಲ್ಲಿ ಇರಬೇಕು. ಉಳಿದ 90 ಸೆಂಟಿಮೀಟರ್ ಮೇಲ್ಭಾಗಕ್ಕೆ. ನೆರಿಗೆಯ ಮೇಲೆ ಅಂಗಾತ ಮಲಗಿ. ಕೆಳ ಅಂಚು ಮಂಡಿಯ ಹಿಂಬದಿಗೆ ತಾಗಬೇಕು. ಬಲಗಡೆಯ ಏಪ್ರನ್ ಮೊದಲು ಮೇಲೆಳೆದುಕೊಳ್ಳಿ, ಅದರ ಮೇಲೆ ಎಡಗಡೆಯದು. ಹೊರಗಿನ ಅಂಚು ನಿಮ್ಮ ಬಲ ತೊಡೆಯ ಪಕ್ಕಕ್ಕೆ ಬರುತ್ತದೆ. ಈಗ ಉಸಿರು ಪೂರ್ತಿ ಬಿಟ್ಟು ಬೆಲ್ಟ್ ಬಿಗಿಯಿರಿ.

ಇಲ್ಲಿಂದ ಮುಂದಿನದ್ದೇ ನಿಮಗೆ ತಪ್ಪುತ್ತಿರುವುದು. ನೇರ ಎದ್ದು ಕೂರಬೇಡಿ. ಕೂತರೆ ಬೆನ್ನು ಬಾಗಿ, ಬೆಲ್ಟಿನಡಿಯ ನೆರಿಗೆ ಒಂದೊಂದೇ ಜಾರಿ ಹೊರಬರುತ್ತದೆ. ಎರಡು ಕೈಯಿಂದಲೂ ಬೆಲ್ಟ್ ಹಿಡಿದು ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಆಮೇಲೆ ಏಳಿ. ನಿಂತ ಮೇಲೆ ಮೇಲ್ಭಾಗವೆಲ್ಲ ಬೆಲ್ಟಿನ ಮೇಲಿಂದ ಇಳಿಬಿದ್ದು ಎರಡನೇ ಲಂಗದಂತೆ ಕಾಣುತ್ತದೆ, ಗಾಬರಿ ಬೇಡ. ಬೆನ್ನ ಕಡೆಯ ಭಾಗವನ್ನು ಹಿಡಿದು ಎಡ ಹೆಗಲಿಗೆ ತನ್ನಿ, ಪಿನ್ ಹಾಕಿ. ಮುಂದಿನ ಎರಡು ಮೂಲೆಗಳನ್ನು ತಿರುಚಿ ಹಿಂದಕ್ಕೊಯ್ದು ಬೆಲ್ಟಿಗೆ ಸಿಕ್ಕಿಸಿ. ಎರಡೂ ಪಕ್ಕದಲ್ಲಿ ಜೋಳಿಗೆಯಂಥ ಜೇಬುಗಳಾಗುತ್ತವೆ, ನಮ್ಮ ಒಬ್ಬ ಗೈಡ್ ಅದರಲ್ಲಿ ಎರಡು ಸೇಬು ಇಟ್ಟುಕೊಂಡು ದಿನವಿಡೀ ಓಡಾಡುತ್ತಾರೆ. ಪಿನ್ ಬರೀ ಅಂಗಿಗೆ ಚುಚ್ಚಬೇಡಿ. ಲಿನನ್ ಅಂಗಿ ಆ ಭಾರ ತಡೆಯದೆ ಹರಿಯುತ್ತದೆ. ಒಳಗೊಂದು ಉಣ್ಣೆಯ ವೇಸ್ಟ್‌ಕೋಟ್ ಇದ್ದರೆ ಅದಕ್ಕೆ ಚುಚ್ಚಿ.

ಹಿಂದಿನವರು ದಿನಾ ಹೀಗೆ ಮಲಗಿಯೇ ಉಡುತ್ತಿದ್ದರೇ ಎಂದು ನೀವು ಮುಂದೆ ಕೇಳಬಹುದು. ನನಗಂತೂ ಪೂರ್ತಿ ನಂಬಿಕೆ ಇಲ್ಲ. ನಮ್ಮ ಸಂಗ್ರಹಾಲಯದ ಹುಲ್ಲುಚಾವಣಿ ಮನೆಯಲ್ಲಿ ನಡುವೆ ಬೆಂಕಿ, ಒಂದು ಕೊನೆಗೆ ದನ. ಐದು ಮೀಟರ್ ಬಟ್ಟೆ ಹರವಲು ಒಣ ನೆಲವೇ ಇಲ್ಲ. ಹೊರಗೆ ಮಳೆ. ರೂಢಿಯಾದವರು ನಿಂತೇ ಕೈಯಲ್ಲಿ ನೆರಿಗೆ ಗುಡ್ಡೆಮಾಡಿ ಬೆಲ್ಟ್ ಬಿಗಿದಿರಬೇಕು. ಬಟ್ಟೆಯ ಒಳಮೈಗೆ ಸಣ್ಣ ಸಣ್ಣ ಕುಣಿಕೆ ಹೊಲಿದು ಲಾಡಿ ಪೋಣಿಸುವುದೂ ಒಂದು ಉಪಾಯ. ಲಾಡಿ ಎಳೆದರೆ ನೆರಿಗೆ ತಾನೇ ಕೂಡುತ್ತದೆ, ಮೇಲೆ ಬೆಲ್ಟ್ ಬಿಗಿದರಾಯಿತು. ಮಂಡಿನೋವಿರುವ ನಮ್ಮ ಹಿರಿಯ ಗೈಡ್ ಒಬ್ಬರಿಗೆ ಹಾಗೆ ಮಾಡಿಕೊಟ್ಟಿದ್ದೇನೆ. ಒಂದೊಂದು ಕುಣಿಕೆಗೂ ನಾಲ್ಕೇ ಟಾಕು, ಬೇಡವಾದರೆ ಕಿತ್ತು ತೆಗೆಯಬಹುದು. ನಿಮಗೂ ನೆಲ ಆಗದಿದ್ದರೆ ಹಾಸಿಗೆಯ ಮೇಲೆ ನೆರಿಗೆ ಹಿಡಿಯಿರಿ, ಆದರೆ ಮೆತ್ತನೆಯ ಹಾಸಿಗೆ ನೆರಿಗೆಯನ್ನು ನುಂಗುತ್ತದೆ, ಕೆಳಗೊಂದು ಗಟ್ಟಿ ಹಲಗೆ ಇರಲಿ.

ಪ್ರಶ್ನೆ: ಒಳಗೆ ಏನೂ ತೊಡಬಾರದು ಅನ್ನುತ್ತಾರಲ್ಲ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಆ ಕಾಲದ ಗಂಡಸರು ತೊಡೆ ಮುಚ್ಚುವಷ್ಟು ಉದ್ದದ ಲಿನನ್ ಅಂಗಿ ತೊಡುತ್ತಿದ್ದರು, ಒಳ ಉಡುಪಿನ ಕೆಲಸ ಅದೇ ಮಾಡುತ್ತಿತ್ತು. 1689ರ ಕಿಲ್ಲಿಕ್ರ್ಯಾಂಕಿ ಯುದ್ಧದಲ್ಲಿ ಹೈಲ್ಯಾಂಡರು ಪ್ಲೇಡ್ ಕಳಚಿ ಎಸೆದು ಇಳಿಜಾರಿನಲ್ಲಿ ನುಗ್ಗಿದಾಗ ಮೈಮೇಲಿದ್ದದ್ದು ಆ ಅಂಗಿಯೇ. ನೀವು ಒಳ ಉಡುಪು ತೊಡಿ. ಮೇಲಿಂದ ಮೇಲೆ ತೊಳೆಯಲಾಗದ ಉಣ್ಣೆ ಇದು, ಬಟ್ಟೆಗೂ ಅದೇ ಒಳ್ಳೆಯದು.

ಪ್ರಶ್ನೆ: ಸ್ನೇಹಿತನ ಮದುವೆಗೆ ಗ್ರೇಟ್ ಕಿಲ್ಟ್ ಉಟ್ಟು ಹೋಗಬೇಕೆಂದಿದ್ದೇನೆ. ಕಾರಿನಲ್ಲಿ ಎರಡು ಗಂಟೆ ಪ್ರಯಾಣ, ಆಮೇಲೆ ಊಟ, ಕೇಯ್ಲಿ ಕುಣಿತ. ಶೌಚಕ್ಕೆ ಹೋಗುವುದು ಹೇಗೆ ಎಂಬುದೇ ದೊಡ್ಡ ಚಿಂತೆ. (ಎಡಿನ್‌ಬರೋದಿಂದ)

ಉತ್ತರ: ಕಾರಿನಲ್ಲಿ ಉಟ್ಟುಕೊಂಡು ಹೋಗಬೇಡಿ. ಎರಡು ಗಂಟೆ ಕೂತರೆ ಇಪ್ಪತ್ತಾರು ನೆರಿಗೆಯೂ ಮುದ್ದೆಯಾಗುತ್ತದೆ. ಬಟ್ಟೆಯನ್ನು ಉದ್ದಕ್ಕೆ ಮಡಿಸಿ, ಸುರುಳಿ ಸುತ್ತಿ ಹಿಂದಿನ ಸೀಟಿನಲ್ಲಿಡಿ, ಅಲ್ಲಿಗೆ ಹೋಗಿ ಉಡಿ. ಅಭ್ಯಾಸವಾದರೆ ಹತ್ತು ನಿಮಿಷ ಸಾಕು. ಉಟ್ಟೇ ಕಾರು ಹತ್ತಬೇಕಾಗಿ ಬಂದರೆ ಮೊದಲು ಹೆಗಲ ಪಿನ್ ತೆಗೆಯಿರಿ. ಸೀಟ್ ಬೆಲ್ಟಿನ ಕೆಳಗೆ ಲೋಹದ ಪಿನ್ ಕತ್ತಿನ ಮೂಳೆಗೆ ಒತ್ತುತ್ತದೆ, ಬ್ರೇಕ್ ಹಾಕಿದರೆ ಅಪಾಯ.

ಕೂರುವಾಗ ಎರಡೂ ಅಂಗೈ ಹಿಂದಕ್ಕೊಯ್ದು ನೆರಿಗೆಯನ್ನು ಮೇಲಿಂದ ಕೆಳಗೆ ನೇವರಿಸುತ್ತ ಕೂತುಕೊಳ್ಳಿ. ಮಂಡಿಗಳ ನಡುವೆ ಏಪ್ರನ್ ಇಳಿಬಿಡಿ, ಸೊಂಟದ ಮುಂದೆ ತೂಗುವ ಸ್ಪೊರಾನ್ ಚೀಲವನ್ನು ಅದರ ಮೇಲೆ ಬಿಟ್ಟರೆ ಬಟ್ಟೆ ಹಾರುವುದಿಲ್ಲ.

ಶೌಚದ ವಿಷಯ ಕೇಳಲು ಸಂಕೋಚ ಬೇಡ, ಪ್ರತಿ ವರ್ಷ ಹೊಸದಾಗಿ ಸೇರುವ ಗೈಡುಗಳು ಮೊದಲ ದಿನ ಕೇಳುವುದೂ ಇದನ್ನೇ. ಯಾವ ಕಾರಣಕ್ಕೂ ಬೆಲ್ಟ್ ಬಿಚ್ಚಬೇಡಿ. ಬಿಚ್ಚಿದರೆ ಐದು ಮೀಟರ್ ಬಟ್ಟೆ ಶೌಚಾಲಯದ ಒದ್ದೆ ನೆಲದ ಮೇಲೆ ಬೀಳುತ್ತದೆ. ಹೆಗಲ ಪಿನ್ ತೆಗೆದು ಜೇಬಿಗೆ ಹಾಕಿ, ಮೇಲ್ಭಾಗವನ್ನೆಲ್ಲ ಶಾಲಿನಂತೆ ಕುತ್ತಿಗೆಗೆ ಸುತ್ತಿಕೊಳ್ಳಿ. ಕೂರಬೇಕಾದರೆ ಹಿಂದಿನ ನೆರಿಗೆಗಳನ್ನು ಎರಡೂ ಪಕ್ಕದಿಂದ ಒಟ್ಟಿಗೆ ಎತ್ತಿ ಮಡಿಲಿಗೆ ತಂದು ಅಪ್ಪಿ ಹಿಡಿಯಿರಿ. ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ ಹೋಗಿ.

ಕೇಯ್ಲಿಯಲ್ಲಿ ಸ್ಟ್ರಿಪ್ ದ ವಿಲೋ ಕುಣಿತ ಬಂದಾಗ ಎಚ್ಚರ. ಸಾಲಿನುದ್ದಕ್ಕೂ ಕೈ ಕೈ ಹಿಡಿದು ಗಿರಗಿರ ತಿರುಗಿಸುತ್ತಾರೆ. ಹೆಗಲ ಬಟ್ಟೆ ಎದುರಿನವರ ಮುಖಕ್ಕೆ ಬಡಿಯಬಹುದು, ಪಿನ್ ಕಿತ್ತು ಹಾರಬಹುದು. ಕುಣಿತಕ್ಕೆ ಮುಂಚೆ ಮೇಲ್ಭಾಗವನ್ನೆಲ್ಲ ಇಳಿಸಿ, ಸುತ್ತಲೂ ಬೆಲ್ಟಿಗೆ ಸಿಕ್ಕಿಸಿ. ಸೆಕೆಯೂ ತಪ್ಪುತ್ತದೆ.

ಪ್ರಶ್ನೆ: ಕಾಲುಚೀಲದಲ್ಲಿ ಇಟ್ಟುಕೊಳ್ಳುವ ಸಣ್ಣ ಚಾಕು, ಸ್ಕೀನ್ ಡೂ, ಒಯ್ಯಬಹುದೇ? ಪೊಲೀಸರು ಹಿಡಿಯುತ್ತಾರೆಯೇ? (ಡಂಡೀಯಿಂದ)

ಉತ್ತರ: ರಾಷ್ಟ್ರೀಯ ಉಡುಪಿನ ಭಾಗವಾಗಿ ಚಾಕು ಧರಿಸುವುದಕ್ಕೆ ಸ್ಕಾಟ್ಲೆಂಡಿನ 1995ರ ಕ್ರಿಮಿನಲ್ ಕಾನೂನಿನಲ್ಲಿ ವಿನಾಯಿತಿ ಇದೆ. ಆ ಉಡುಪು ಮೈಮೇಲೆ ಇರಬೇಕು. ಮರುದಿನ ಪ್ಯಾಂಟು ಹಾಕಿಕೊಂಡು ಅದೇ ಚಾಕುವನ್ನು ಜೇಬಿನಲ್ಲಿಟ್ಟು ತಿರುಗಿದರೆ ವಿನಾಯಿತಿ ಇಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬೇಡಿ. ಕೆಲವು ಸಭಾಂಗಣಗಳು ಒಳಗೆ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಮದುವೆಗೆ ಅದಿಲ್ಲದೆ ಹೋದರೆ ಏನೂ ಕಮ್ಮಿಯಾಗುವುದಿಲ್ಲ.

ಪ್ರಶ್ನೆ: ವೆಸ್ಟ್ ಹೈಲ್ಯಾಂಡ್ ವೇ ಚಾರಣಕ್ಕೆ ಗ್ರೇಟ್ ಕಿಲ್ಟ್ ಉಟ್ಟು ಹೋಗಿ ರಾತ್ರಿ ಅದನ್ನೇ ಹೊದ್ದು ಮಲಗುವ ಆಸೆ. ಹಳಬರು ಪ್ಲೇಡನ್ನು ನೀರಲ್ಲಿ ಅದ್ದಿ ಹೊದೆಯುತ್ತಿದ್ದರು ಎಂದು ಕೇಳಿದ್ದೇನೆ. ನಿಜವೇ? (ಅಬರ್ಡೀನ್‌ನಿಂದ)

ಉತ್ತರ: ನಿಜ ಎಂದು 1720-30ರ ಸುಮಾರಿಗೆ ಇನ್ವರ್‌ನೆಸ್‌ನಲ್ಲಿದ್ದ ಎಡ್ಮಂಡ್ ಬರ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿದ್ದಾನೆ. ಒಣ ಚಳಿಗಾಳಿಯಲ್ಲಿ ಬೆಟ್ಟದ ಮೇಲೆ ಮಲಗಬೇಕಾದಾಗ ಪ್ಲೇಡನ್ನು ತೊರೆಯಲ್ಲಿ ನೆನೆಸಿ, ಒಂದು ಮೂಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ತಾವೇ ಸುತ್ತ ಸುತ್ತ ತಿರುಗಿ ಪೂರ್ತಿ ಸುತ್ತಿಕೊಳ್ಳುತ್ತಿದ್ದರಂತೆ. ಒದ್ದೆಯಾದ ಉಣ್ಣೆಯ ಎಳೆ ಉಬ್ಬಿ ನೇಯ್ಗೆಯ ಸಂದು ಮುಚ್ಚುತ್ತದೆ, ಗಾಳಿ ಒಳಗೆ ನುಗ್ಗುವುದಿಲ್ಲ, ಒಳಗಿನ ಮೈಬಿಸಿ ಹೊರಗೆ ಹೋಗುವುದಿಲ್ಲ. ಅವರಿಗೆ ಹುಟ್ಟಿನಿಂದ ಅಭ್ಯಾಸ. ನೀವು ಮಾಡಬೇಡಿ. ಬೇಸಿಗೆಯಲ್ಲೂ ಆ ಬೆಟ್ಟಗಳಲ್ಲಿ ರಾತ್ರಿ ಮೈ ತಣ್ಣಗಾಗಿ ಜೀವಕ್ಕೆ ಕುತ್ತು ಬಂದೀತು. ಒಣ ಪ್ಲೇಡನ್ನು ಸ್ಲೀಪಿಂಗ್ ಬ್ಯಾಗಿನ ಮೇಲೆ ಹೊದೆಯಿರಿ, ಆಸೆ ತೀರುತ್ತದೆ.

ಉಟ್ಟು ನಡೆಯುವ ಬಗ್ಗೆ ಅನುಭವದಿಂದ ಹೇಳಬಲ್ಲೆ. ಇನ್ನೊಬ್ಬರಿಗೆ ಉಡಿಸುವವಳಿಗೆ ಅದು ಎಲ್ಲಿ ಎಳೆಯುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ಗೊತ್ತಿರಬೇಕು ಎಂದು ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೇ ಒಂದು ದಿನ ಗ್ರೇಟ್ ಕಿಲ್ಟ್ ಉಟ್ಟು ಬೆಟ್ಟದ ದಾರಿಯಲ್ಲಿ ಹತ್ತು ಮೈಲಿ ನಡೆದೆ. ಏರುವಾಗ ಎಷ್ಟು ಹಗುರ ಅನಿಸಿತೆಂದರೆ, ಕಾಲಿಗೆ ಯಾವ ಅಡ್ಡಿಯೂ ಇಲ್ಲ, ತೊರೆ ದಾಟಲು ಬಟ್ಟೆ ಮಡಿಸುವ ಗೋಜಿಲ್ಲ. ಮಧ್ಯಾಹ್ನ ಮಳೆ ಬಂತು. ಮೇಲ್ಭಾಗವನ್ನು ತಲೆಯ ಮೇಲೆಳೆದುಕೊಂಡೆ, ಹೆಗಲು ಒಂದು ಗಂಟೆಯ ಮೇಲೂ ಒಣಗಿಯೇ ಇತ್ತು. ತೊಂದರೆ ಬಂದದ್ದು ಕೆಳಗೆ. ಒದ್ದೆಯಾದ ಕೆಳ ಅಂಚು ಹೆಜ್ಜೆ ಹೆಜ್ಜೆಗೂ ಮಂಡಿಯ ಹಿಂಬದಿಗೆ ಉಜ್ಜಿ ಉಜ್ಜಿ ಸಂಜೆಗೆ ಚರ್ಮ ಸುಲಿದು ರಕ್ತ ಬಂತು. ಅಂದಿನಿಂದ ನಮ್ಮ ಗೈಡುಗಳಿಗೆ ಮಳೆಯ ದಿನ ಬೆಲ್ಟಿನ ಮೇಲೆ ಎರಡು ಬೆರಳು ಬಟ್ಟೆ ಹೆಚ್ಚು ಎಳೆದು, ಅಂಚನ್ನು ಮಂಡಿಗಿಂತ ಮೇಲಕ್ಕೆ ನಿಲ್ಲಿಸುತ್ತೇನೆ. ನೀವೂ ಹಾಗೆ ಮಾಡಿ, ಮಂಡಿಯ ಹಿಂದೆ ವ್ಯಾಸಲೀನ್ ಹಚ್ಚಿ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಿಡ್ಜ್ ಎಂಬ ನೊರಜಿನ ಕಾಟ. ಗಾಳಿಯಿಲ್ಲದ ಮೋಡದ ಸಂಜೆಗಳಲ್ಲಿ ಬರಿಗಾಲಿಗೆ ಮುತ್ತಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯ ರಕ್ತ ಹೀರುವ ಉಣ್ಣಿ ಹುಳು (ಟಿಕ್). ಜರಿಗಿಡದ ಪೊದೆಗಳಲ್ಲಿ ನಡೆದಾಗ ಕಾಲಿಗೆ ಹತ್ತುತ್ತವೆ, ಲೈಮ್ ರೋಗ ತರಬಲ್ಲವು. ರಾತ್ರಿ ಮಂಡಿಯ ಹಿಂದೆ, ತೊಡೆಯ ಸಂದಿಯಲ್ಲಿ ಬೆಳಕು ಹಿಡಿದು ನೋಡಿಕೊಳ್ಳಿ. ನೆರಿಗೆಯ ಒಳಮೈಯನ್ನೂ ಕೊಡವಿ ನೋಡಿ, ನಾನು ಅಲ್ಲಿಂದ ಎಷ್ಟೋ ಸಲ ಹುಳು ತೆಗೆದಿದ್ದೇನೆ.

154 ಕಿಲೋಮೀಟರ್ ಪೂರ್ತಿ ಇದನ್ನೇ ಉಟ್ಟು ನಡೆಯುವ ಹಟ ಬೇಡ. ಬೆನ್ನಚೀಲದ ಸೊಂಟಪಟ್ಟಿ ಕಿಲ್ಟಿನ ಬೆಲ್ಟಿನ ಮೇಲೆಯೇ ಕೂತು ನೋಯಿಸುತ್ತದೆ. ಗ್ಲೆಂಕೋ ಸುತ್ತಲಿನ ಒಂದು ದಿನದ ದಾರಿ ಆರಿಸಿಕೊಳ್ಳಿ.

ಪ್ರಶ್ನೆ: ನಾವು ಸ್ಕಾಟ್ಲೆಂಡಿನ ಯಾವ ಕುಲಕ್ಕೂ (ಕ್ಲಾನ್) ಸೇರಿದವರಲ್ಲ. ಟಾರ್ಟನ್ ಉಡಲು ಹಕ್ಕಿದೆಯೇ? ಯಾರಾದರೂ ಬೇಸರ ಮಾಡಿಕೊಂಡಾರೇ? (ಪರ್ತ್‌ನಿಂದ ದಂಪತಿ)

ಉತ್ತರ: ಕಾನೂನಿನ ತಡೆ ಇಲ್ಲ. ಒಂದು ಕುಲಕ್ಕೆ ಒಂದು ಟಾರ್ಟನ್ ಎಂಬ ಕಟ್ಟುನಿಟ್ಟು ಬಹುಮಟ್ಟಿಗೆ 19ನೇ ಶತಮಾನದ್ದು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಎಲ್ಲರೂ ಟಾರ್ಟನ್ ತೊಟ್ಟು ಬರಬೇಕೆಂಬ ಏರ್ಪಾಟಾಯಿತು, ಆಮೇಲೆ ಅದು ಬೆಳೆಯಿತು. ಗ್ರೇಟ್ ಕಿಲ್ಟ್ ದಿನಬಳಕೆಯಲ್ಲಿದ್ದ ಕಾಲದಲ್ಲಿ, 1703ರಲ್ಲಿ, ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ ಬರೆದದ್ದು ಬೇರೆ: ಪ್ಲೇಡ್ ನೋಡಿದರೆ ಆ ಮನುಷ್ಯ ಯಾವ ಸೀಮೆಯವನೆಂದು ಊಹಿಸಬಹುದಿತ್ತು. ಅಂದರೆ ವಂಶಕ್ಕಿಂತ ಊರಿನ ನೇಕಾರ ಮತ್ತು ಆ ಮಣ್ಣಿನ ಬಣ್ಣಗಿಡಗಳೇ ಗುರುತು. ಗ್ಲೆನ್ ಆಫ್ರಿಕ್‌ನ ಜೌಗು ಮಣ್ಣಿನಲ್ಲಿ ಸಿಕ್ಕ ಒಂದು ತುಂಡು 1500-1600ರ ನಡುವಿನದೆಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. 2023ರಲ್ಲಿ ಅದನ್ನು ಡಂಡೀಯ ವಿ ಅಂಡ್ ಎ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಜೌಗಿನ ಕಂದು ಬಣ್ಣ ಹೀರಿದ ಆ ತುಂಡಿಗೆ ಯಾವ ಕುಲದ ಹೆಸರೂ ಇಲ್ಲ.

ನಿಮಗೆ ಹಿಡಿಸಿದ್ದನ್ನು ಉಡಿ. ಗೆಳೆಯರ ಮನೆತನದ ಟಾರ್ಟನ್ ಆದರೆ ಅವರನ್ನೊಮ್ಮೆ ಕೇಳಿ, ಅದು ಸೌಜನ್ಯ. ನನ್ನ ಅನುಭವದಲ್ಲಿ ಕೇಳಿಸಿಕೊಂಡವರು ಸಂತೋಷಪಟ್ಟಿದ್ದಾರೆ. ಕೊಳ್ಳುವಾಗ ಚೌಕಳಿ ತೀರಾ ದೊಡ್ಡದಿರದಂತೆ ನೋಡಿ, ನೆರಿಗೆ ಹಿಡಿಯಲು ಸುಲಭ. ಅಕ್ರಿಲಿಕ್ ಬೇಡ. ಅದು ನೆರಿಗೆ ಹಿಡಿದು ನಿಲ್ಲುವುದಿಲ್ಲ, ಬೆಂಕಿಯ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗಜಕ್ಕೆ 13 ಔನ್ಸ್ ತೂಕದ ಉಣ್ಣೆ ಹೊಸಬರಿಗೆ ಹದ. 16 ಔನ್ಸ್‌ನದು ಚೆನ್ನಾಗಿ ಬೀಳುತ್ತದೆ, ಆದರೆ ಐದು ಗಜಕ್ಕೆ ಎರಡೂಕಾಲು ಕಿಲೋ ಮೀರುತ್ತದೆ.

ಪ್ರಶ್ನೆ: ಹೆಂಗಸರು ಗ್ರೇಟ್ ಕಿಲ್ಟ್ ಉಡಬಹುದೇ? (ಇನ್ವರ್‌ನೆಸ್‌ನಿಂದ)

ಉತ್ತರ: ಧಾರಾಳವಾಗಿ, ನಾನೇ ಉಟ್ಟಿದ್ದೇನಲ್ಲ. ಆದರೆ ಆ ಕಾಲದ ಹೆಂಗಸರಿಗೆ ಅವರದೇ ಒಂದು ಉಡುಗೆ ಇತ್ತು, ಅರಿಸೇಡ್. ಕುತ್ತಿಗೆಯಿಂದ ಹಿಮ್ಮಡಿವರೆಗೆ ಇಳಿಯುವ ಬಿಳಿಯ ಪ್ಲೇಡ್, ಕಪ್ಪು, ನೀಲಿ, ಕೆಂಪಿನ ತೆಳು ಗೆರೆಗಳು, ಸೊಂಟಕ್ಕೆ ಬೆಲ್ಟ್, ಎದೆಯ ಮೇಲೆ ಬೆಳ್ಳಿ ಅಥವಾ ಹಿತ್ತಾಳೆಯ ದೊಡ್ಡ ಬ್ರೋಚ್. ಬಹಳ ಚೆಂದದ ಉಡುಗೆ. ಅದನ್ನು ಉಡುವವರು ಕಡಿಮೆಯಾಗಿದ್ದಾರೆ, ನೀವು ಉಟ್ಟರೆ ನನಗೆ ಸಂತೋಷ.

ಪ್ರಶ್ನೆ: ತೊಳೆಯುವುದು ಹೇಗೆ? ಡ್ರೈ ಕ್ಲೀನಿಂಗ್ ಕೊಡಬಹುದೇ? ನುಸಿ ಹಿಡಿದು ಎರಡು ತೂತಾಗಿದೆ. (ಫೋರ್ಟ್ ವಿಲಿಯಂನಿಂದ)

ಉತ್ತರ: ಉಣ್ಣೆಗೆ ನೀರಿಗಿಂತ ಗಾಳಿ ಮುಖ್ಯ. ಪ್ರತಿ ಸಲ ಉಟ್ಟ ಮೇಲೆ ನೆರಳಿನಲ್ಲಿ ಹರವಿ, ಕೆಸರು ಪೂರ್ತಿ ಒಣಗಿದ ಮೇಲೆ ಬ್ರಶ್ ಮಾಡಿ. ಹಸಿ ಕೆಸರು ಉಜ್ಜಿದರೆ ಎಳೆಯೊಳಗೆ ಇಳಿಯುತ್ತದೆ. ಬೆಂಕಿಯ ಹತ್ತಿರ, ರೇಡಿಯೇಟರ್ ಮೇಲೆ ಹಾಕಬೇಡಿ. ವರ್ಷಕ್ಕೊಮ್ಮೆ ಡ್ರೈ ಕ್ಲೀನಿಂಗ್ ಕೊಟ್ಟರೆ ಸಾಕು, ಅಥವಾ ಬಚ್ಚಲ ತೊಟ್ಟಿಯಲ್ಲಿ ತಣ್ಣೀರು, ಉಣ್ಣೆಯ ಸೋಪಿನಲ್ಲಿ ಅದ್ದಿ ಅದುಮಿ ತೆಗೆಯಿರಿ. ತಿಕ್ಕಬೇಡಿ, ಹಿಂಡಬೇಡಿ.

ಹಲವು ವರ್ಷಗಳ ಹಿಂದೆ ನಮ್ಮ ಒಂದು ಪ್ಲೇಡನ್ನು ಒಂದು ಲಾಂಡ್ರಿಗೆ ಕೊಟ್ಟಿದ್ದೆ. ‘ಉಣ್ಣೆ, ತಣ್ಣೀರು ಮಾತ್ರ’ ಎಂದು ಚೀಟಿ ಹಚ್ಚಿದ್ದರೂ ಬಿಸಿನೀರಿನ ಯಂತ್ರಕ್ಕೆ ಹಾಕಿಬಿಟ್ಟರು. ಐದು ಮೀಟರ್ ಇದ್ದದ್ದು ನಾಲ್ಕಕ್ಕೆ ಇಳಿದು, ಹಲಗೆಯಂತೆ ಬಿರುಸಾಗಿ ಬಂತು. ನೆರಿಗೆ ಹಿಡಿದರೆ ಮಡಿಯುವುದೇ ಇಲ್ಲ. ಗಿಡಬಣ್ಣದ ನೂಲಿನಲ್ಲಿ ಕೈಮಗ್ಗದ ಮೇಲೆ ನೇಯ್ದ ಬಟ್ಟೆ ಅದು, ನಾನು ಆ ದಿನ ಅತ್ತೆ. ಅಂದಿನಿಂದ ಯಾರ ಕೈಗೂ ಕೊಟ್ಟಿಲ್ಲ.

ನುಸಿಗೆ ಮೊದಲು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ತೇವ ಕೂರುತ್ತದೆ. ಆಮೇಲೆ ರಫು. ನೂಲನ್ನು ಬೇರೆಲ್ಲೂ ಹುಡುಕಬೇಡಿ, ಪ್ಲೇಡಿನ ತುದಿಯ ಕುಚ್ಚಿನಿಂದಲೇ ಒಂದೊಂದು ಎಳೆ ತೆಗೆಯಿರಿ, ಬಣ್ಣ ತಾನಾಗಿ ಹೊಂದುತ್ತದೆ. ತೂತಿನ ಸುತ್ತ ಅರ್ಧ ಇಂಚು ಗಟ್ಟಿ ಬಟ್ಟೆಯಿಂದ ಶುರು ಮಾಡಿ ಮೊದಲು ಹಾಸಿನ ಎಳೆ ಎಳೆದು, ಆಮೇಲೆ ಹೊಕ್ಕಿನ ಎಳೆಯನ್ನು ಎರಡು ಮೇಲೆ ಎರಡು ಕೆಳಗೆ ದಾಟಿಸಿ. ಟಾರ್ಟನ್ ಟ್ವಿಲ್ ನೇಯ್ಗೆ, ಸಾಲಿಗೊಂದು ಎಳೆ ಸರಿಯುತ್ತ ಓರೆಗೆರೆ ಮೂಡಬೇಕು. ಎರಡು ತೂತಿಗೆ ಒಂದು ಸಂಜೆ ಹಿಡಿಯುತ್ತದೆ.

ಪ್ರಶ್ನೆ: ಮೇಡಂ, ನಾನು ಬಾಡಿಗೆಗಿದ್ದ ಮನೆಯ ಅಜ್ಜ ತೀರಿಕೊಂಡಾಗ ಅವರ ಮಗಳು ಒಂದು ಹಳೆಯ ಪ್ಲೇಡ್ ನನಗೆ ಕೊಟ್ಟರು. ನಡುವೆ ಕೈಹೊಲಿಗೆ ಇದೆ. ಇಷ್ಟುದ್ದ ಉಡಲು ಆಗುತ್ತಿಲ್ಲ. ಕತ್ತರಿಸಿ ಒಂದು ಕಿಲ್ಟ್, ಮಗುವಿಗೊಂದು ಕೋಟು ಮಾಡಿಕೊಡುತ್ತೇನೆ ಎನ್ನುತ್ತಾರೆ ಟೇಲರ್. ಮಾಡಿಸಲೇ? (ಓಬನ್‌ನಿಂದ)

ಉತ್ತರ: ದಯವಿಟ್ಟು ಕತ್ತರಿ ಹಾಕಿಸಬೇಡಿ. ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆದು ಅಂಚೆಗೆ ಹಾಕಿದ್ದೇನೆ, ಇಲ್ಲಿ ಉಳಿದವರಿಗಾಗಿ ಬರೆಯುತ್ತಿದ್ದೇನೆ.

1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನಲ್ಲಿ ಗಂಡಸರು, ಹುಡುಗರು ಪ್ಲೇಡ್, ಕಿಲ್ಟ್ ತೊಡುವುದು ಅಪರಾಧವಾಯಿತು. ದೊರೆಯ ವಿರುದ್ಧ ದಂಗೆಯೆದ್ದ ಹೈಲ್ಯಾಂಡರು ಕಲೋಡನ್ ಯುದ್ಧದಲ್ಲಿ ಸೋತ ಮರುವರ್ಷ ಅದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆ ಗಡೀಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರ ಜುಲೈ 1ಕ್ಕೆ ಕಾಯಿದೆ ರದ್ದಾಗುವ ಹೊತ್ತಿಗೆ ಮೂವತ್ತೈದು ವರ್ಷ ಕಳೆದಿತ್ತು. ಒಂದು ಇಡೀ ತಲೆಮಾರು ತಂದೆ ಉಡುವುದನ್ನು ನೋಡಿ ಕಲಿಯಲೇ ಇಲ್ಲ. ಇವತ್ತು ನಾವು ಹೇಗೆ ಉಡುತ್ತಿದ್ದರು ಎಂದು ಊಹಿಸಬೇಕಾಗಿ ಬಂದದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಪ್ಲೇಡ್ ಅಷ್ಟು ಹಳೆಯದಿರಲಾರದು. ಆದರೂ ಯಾರೋ ಎರಡು ಅಂಚು ಕೂಡಿಸಿ ಕೈಯಲ್ಲಿ ಹೊಲಿದಿದ್ದಾರೆ ಎಂದರೆ ಹಳೆಯ ಕ್ರಮ ಗೊತ್ತಿದ್ದವರೇ ಮಾಡಿದ್ದಾರೆ.

ಭಾರ ತಡೆಯಲಾಗದಿದ್ದರೆ ದಾರಿ ಆ ಹೊಲಿಗೆಯಲ್ಲೇ ಇದೆ. ಬಟ್ಟೆಗೆ ಕತ್ತರಿ ತಾಗಿಸದೆ, ಸೂಜಿಯ ಮೊನೆಯಿಂದ ಒಂದೊಂದೇ ಟಾಕು ಎತ್ತಿ ನೂಲು ಮಾತ್ರ ಕತ್ತರಿಸಿ. ಎರಡು ಅರ್ಧಗಳೂ ಗಟ್ಟಿ ಅಂಚಿನೊಂದಿಗೆ ಬೇರೆಯಾಗುತ್ತವೆ, ಒಂದೆಳೆಯೂ ಬಿಚ್ಚುವುದಿಲ್ಲ. ಒಂದು ಅರ್ಧವನ್ನು ನೆರಿಗೆ ಹಿಡಿದು ಬೆಲ್ಟ್ ಬಿಗಿದರೆ ಅದೇ ಫೇಲೆ ಬೆಗ್, ಟೇಲರ್ ಬೇಕಿಲ್ಲ. ಇನ್ನೊಂದು ಅರ್ಧ ಮಗುವಿಗೆ ಹೊದಿಕೆಯಾಗುತ್ತದೆ. ಎಂದಾದರೂ ಪೂರ್ತಿ ಉಡಬೇಕೆನಿಸಿದರೆ ಮತ್ತೆ ಕೂಡಿಸಿ ಹೊಲಿದರಾಯಿತು. ಬಿಚ್ಚುವ ಮೊದಲು ಹೊಲಿಗೆಯ ಉದ್ದಕ್ಕೂ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ, ತೆಗೆದ ನೂಲನ್ನು ಒಂದು ಲಕೋಟೆಯಲ್ಲಿ ಹಾಕಿ ತಾರೀಖು ಬರೆಯಿರಿ. ಸಾಧ್ಯವಾದರೆ ಅಜ್ಜನ ಮಗಳಿಗೆ ಒಂದು ಮಾತು ಕೇಳಿ, ಅದನ್ನು ಹೊಲಿದವರು ಯಾರು ಎಂದು. ಗೊತ್ತಾದರೆ ನನಗೂ ಬರೆಯಿರಿ.